ಪೆಟ್ಟಿಗೆಯೊಳಗಿನ ಪಾಠಾಂತರ

ನಮ್ಮ ತೋಟದ ಕೊಳವೆಬಾವಿಯ ಮೋಟರು ಸುಟ್ಟುಹೋದದ್ದು ಕಳೆದ ವರ್ಷ, ಯುಗಾದಿ ಕಳೆದು ಹನ್ನೆರಡನೆಯ ದಿನ. ದಿನವನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದಿದ್ದ ನಮ್ಮಣ್ಣನು ಹೋಳಿಗೆ ಊಟಕ್ಕೂ ಮೊದಲೇ ಪಂಪ್‌ಮನೆಗೆ ಹೋಗಿ, ಹಳೆಯ ಸ್ಟಾರ್ಟರನ್ನು ಕಳಚಿ, ಅದರ ಜಾಗದಲ್ಲಿ ತನ್ನ ಕಂಪನಿಯ ಹೊಸ ಪೆಟ್ಟಿಗೆಯೊಂದನ್ನು ತಗುಲಿಹಾಕಿದ್ದನು. ಅಪ್ಪನಿಗೆ ಅವನು ತಂದ ಹಬ್ಬದ ಉಡುಗೊರೆ ಅದು. ಪಂಚೆ ಶಲ್ಯಗಳನ್ನು ತಂದಿದ್ದರೆ ಈ ಪ್ರಬಂಧಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಅಪ್ಪ ರಾತ್ರಿಯ ಹೊತ್ತು ತೋಟಕ್ಕೆ ಹೋಗುವುದನ್ನು ತಪ್ಪಿಸಬೇಕೆಂಬುದು ಅಣ್ಣನ ಬಹುದಿನದ ಆಸೆ. ನಮ್ಮ ಕಡೆ ಪಂಪ್‌ಸೆಟ್ಟುಗಳಿಗೆ ಮೂರು ಫೇಸಿನ ಕರೆಂಟು ಪಾಳಿಯ ಮೇಲೆ ಬರುತ್ತದೆ. ಒಂದು ವಾರ ಹಗಲಾದರೆ ಇನ್ನೊಂದು ವಾರ ನಡುರಾತ್ರಿ. ಹಿಂದಿನ ಮಳೆಗಾಲದಲ್ಲಿ ಪಂಪ್‌ಮನೆಯ ಹೊಸ್ತಿಲ ಮೇಲೆ ಮಲಗಿದ್ದ ಕೊಳಕುಮಂಡಲವನ್ನು ಅಪ್ಪ ತುಳಿಯುವುದು ಸ್ವಲ್ಪದರಲ್ಲಿ ತಪ್ಪಿತ್ತು. ಈ ಹೊಸ ಪೆಟ್ಟಿಗೆಯಾದರೋ ಮನೆಯಲ್ಲಿ ಕುಳಿತು ಫೋನು ಮಾಡಿದರೆ ಮೋಟರನ್ನು ಚಾಲೂ ಮಾಡುತ್ತದೆ, ಮತ್ತೆ ಮಾಡಿದರೆ ನಿಲ್ಲಿಸುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಬಾವಿಯಲ್ಲಿ ನೀರು ಮುಗಿದರೆ ತಾನೇ ಮೋಟರನ್ನು ನಿಲ್ಲಿಸಿ, "ನೀರಿಲ್ಲ" ಎಂದು ಫೋನಿಗೆ ಸುದ್ದಿ ಕಳಿಸುತ್ತದೆ. ಅಪ್ಪನಿಗೆ ಇದರಲ್ಲಿ ಪೂರ್ತಿ ನಂಬಿಕೆ ಬಂದಿತ್ತೆಂದು ಹೇಳಲಾರೆ. ಆದರೂ ಮಗ ತಂದದ್ದು. ಬಂದವರಿಗೆಲ್ಲ ತೋರಿಸಿದರು.

ಆ ರಾತ್ರಿ ಎರಡು ಗಂಟೆಗೆ ಕರೆಂಟು ಬಂತು. ಅಪ್ಪ ಹಾಸಿಗೆಯಲ್ಲೇ ಫೋನು ಒತ್ತಿ ಮಲಗಿದರು. ಬೆಳಗ್ಗೆ ಹೋಗಿ ನೋಡಿದರೆ ತೊಟ್ಟಿಯಲ್ಲಿ ಮೊಳದಷ್ಟೂ ನೀರಿಲ್ಲ; ಪೆಟ್ಟಿಗೆಯ ಹಸಿರು ದೀಪವು ಆರಿಹೋಗಿ ಕೆಂಪು ದೀಪ ಉರಿಯುತ್ತಿತ್ತು. ಬಾವಿಯೊಳಗೆ ಮುಳುಗಿ ಕೆಲಸ ಮಾಡುವ ಈ ಮೋಟರುಗಳಿಗೆ ಸುತ್ತಲಿನ ನೀರೇ ತಂಪು. ನೀರು ಕೆಳಗಿಳಿದ ಮೇಲೆಯೂ ತಿರುಗುತ್ತಲೇ ಇದ್ದರೆ ಒಳಗಿನ ತಂತಿಯ ಸುತ್ತು ಬೆಂದುಹೋಗುತ್ತದೆ. ೪೨೦ ಅಡಿ ಪೈಪನ್ನು ಎತ್ತಿಸಿ, ಮೋಟರನ್ನು ತೆಗೆದು, ತಿಪಟೂರಿಗೆ ಒಯ್ದು ವೈಂಡಿಂಗ್ ಮಾಡಿಸಿ ಮತ್ತೆ ಇಳಿಸುವ ಹೊತ್ತಿಗೆ ಹದಿನೈದು ಸಾವಿರ ಕೈಬಿಟ್ಟಿತು. ಅಷ್ಟರಲ್ಲಿ ಅಡಿಕೆಯ ಎಳೆಗಿಡಗಳು ಎಂಟು ದಿನ ಬಾಯಾರಿದವು. ಹನ್ನೊಂದು ಗಿಡ ಮತ್ತೆ ಚೇತರಿಸಿಕೊಳ್ಳಲೇ ಇಲ್ಲ.

"ತಪ್ಪು ನನ್ನದೇ. ಪೆಟ್ಟಿಗೆ ಇದೆಯಲ್ಲಾ ಅಂತ ನಿದ್ದೆ ಮಾಡಿಬಿಟ್ಟೆ" ಎಂದು ಅಪ್ಪ ಕಂಡವರಿಗೆಲ್ಲ ಹೇಳಿಕೊಂಡರು. ಫೋನಿನಲ್ಲಿ ಅಣ್ಣನಿಗೂ ಹೀಗೆಯೇ ಹೇಳಿದರು. ಅಣ್ಣ ಬಹಳ ಹೊತ್ತು ಏನೂ ಮಾತನಾಡಲಿಲ್ಲ.

ಈ ಸಂಚಿಕೆಯನ್ನು ಓದುವವರಲ್ಲಿ ಬಹುಮಂದಿ ನನ್ನಂತೆಯೇ ಕಲಾವಿಭಾಗದವರು. ತಂತ್ರಾಂಶವೆಂದರೆ ನಮಗೆ ಫೋನಿನ ಗಾಜಿನ ಮೇಲೆ ಬೆರಳಾಡಿಸುವ ವಿಷಯ. ಆದುದರಿಂದ ಅಣ್ಣನು ನನಗೆ ಹೇಳಿಕೊಟ್ಟದ್ದನ್ನು ನಾನು ಅರ್ಥಮಾಡಿಕೊಂಡ ಮಟ್ಟಿಗೆ ಹೇಳಬೇಕಾಗಿದೆ. ವಿಜ್ಞಾನ ವಿಭಾಗದ ಮಿತ್ರರು ಕ್ಷಮಿಸಬೇಕು.

ಅಣ್ಣನ ಕಂಪನಿ ದೊಡ್ಡದಲ್ಲ. ಪೀಣ್ಯದ ಒಂದು ಮಹಡಿಯಲ್ಲಿ ಇಪ್ಪತ್ತು ಜನ ಕೂತು ಕೆಲಸ ಮಾಡುವ ಸಂಸ್ಥೆ. ಅವರು ಮಾಡುವುದು ಒಂದೇ ಪೆಟ್ಟಿಗೆಯಲ್ಲ, ಒಂದು ಮನೆತನದ ಪೆಟ್ಟಿಗೆಗಳು. ಪಟ್ಟಣದ ಮನೆಗಳ ತೊಟ್ಟಿಗೆ ನೀರೇರಿಸುವ ಸಣ್ಣ ಮೋಟರಿಗೆ ಒಂದು, ತೋಟದ ಮೂರು ಫೇಸಿನದಕ್ಕೆ ಒಂದು, ಹನಿ ನೀರಾವರಿಯ ಕವಾಟಗಳನ್ನೂ ನೋಡಿಕೊಳ್ಳುವಂಥದು ಇನ್ನೊಂದು. ಹೊರಗಿನಿಂದ ಬೇರೆ ಬೇರೆ. ಒಳಗಿನ ತಂತ್ರಾಂಶದಲ್ಲಿ ಮುಕ್ಕಾಲು ಪಾಲು ಒಂದೇ. ಕರೆಂಟನ್ನು ಅಳೆಯುವ ಭಾಗ ಒಂದು, ಫೋನಿನ ಕರೆಯನ್ನು ಗುರುತಿಸುವ ಭಾಗ ಒಂದು, ಹೊರೆ ಹೆಚ್ಚಾದರೆ ನಿಲ್ಲಿಸುವುದು ಒಂದು, ನೀರು ಮುಗಿದರೆ ನಿಲ್ಲಿಸುವುದು ಒಂದು. ಯಾವ ಪೆಟ್ಟಿಗೆಗೆ ಯಾವ ಭಾಗಗಳು ಬೇಕೋ ಅವನ್ನು ಆರಿಸಿ ಜೋಡಿಸಿದರೆ ಆಯಿತು. ಹೀಗೆ ಮಾಡಬೇಕೆಂಬ ಯೋಚನೆ ಹೊಸದೇನಲ್ಲ. ೧೯೬೮ರಲ್ಲಿ ಪಶ್ಚಿಮ ಜರ್ಮನಿಯ ಗಾರ್ಮಿಷ್ ಎಂಬ ಊರಿನಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ಡಗ್ಲಸ್ ಮ್ಯಾಕ್‌ಇಲ್‌ರಾಯ್ ಎಂಬುವರು, ತಂತ್ರಾಂಶಕ್ಕೂ ಬಿಡಿಭಾಗಗಳ ಕಾರ್ಖಾನೆಗಳು ಬೇಕು, ಪ್ರತಿಯೊಬ್ಬನೂ ಮೊದಲಿನಿಂದ ಬರೆಯುತ್ತ ಕೂರಬಾರದು ಎಂದು ವಾದಿಸಿದ್ದರಂತೆ. ೧೯೭೬ರಲ್ಲಿ ಡೇವಿಡ್ ಪಾರ್ನಾಸ್ ಎಂಬುವರು ಪ್ರೋಗ್ರಾಮುಗಳ ಕುಟುಂಬಗಳನ್ನು ಕುರಿತೇ ಒಂದು ಲೇಖನ ಬರೆದರು: ಒಂದೊಂದನ್ನೇ ನೋಡುವುದಕ್ಕೆ ಮುಂಚೆ ಇಡೀ ಕುಟುಂಬಕ್ಕೆ ಸಾಮಾನ್ಯವಾದದ್ದು ಯಾವುದು ಎಂದು ನೋಡಬೇಕೆಂಬುದು ಅದರ ತಿರುಳು.

ಕುಟುಂಬವೆಂದ ಮೇಲೆ ಕುಟುಂಬದ ತಾಪತ್ರಯಗಳೂ ಬರುತ್ತವೆ. ನಮ್ಮವ್ವ ವರ್ಷಕ್ಕೊಮ್ಮೆ ಹುಳಿಪುಡಿ ಮಾಡಿ ದೊಡ್ಡಮ್ಮನ ಮನೆಗೂ ಅತ್ತೆಯ ಮನೆಗೂ ಕಳಿಸುತ್ತಾಳೆ. ಒಂದು ವರ್ಷ ಬ್ಯಾಡಗಿ ಮೆಣಸಿನಕಾಯಿ ತುಟ್ಟಿಯಾಯಿತೆಂದು ಗುಂಟೂರಿನದನ್ನು ಹಾಕಿದಳು. ತಾನು ಮಾಡುವ ಹುಳಿಗೆ ಒಂದು ಚಮಚ ಕಡಿಮೆ ಹಾಕಿ ಸರಿಮಾಡಿಕೊಂಡಳು. ದೊಡ್ಡಮ್ಮ ಅದೇ ಪುಡಿಯಲ್ಲಿ ಗೊಜ್ಜು ಮಾಡುತ್ತಾಳೆಂಬುದು ಅವಳಿಗೆ ನೆನಪಿರಲಿಲ್ಲ. ಡಬ್ಬಿ ಅದೇ, ಬಣ್ಣ ಹೆಚ್ಚುಕಡಿಮೆ ಅದೇ. ದೊಡ್ಡಪ್ಪ ಊಟದ ನಡುವೆ ಎದ್ದುಹೋದರಂತೆ.

ಅಣ್ಣನು ಮಾಡಿದ್ದೂ ಇದನ್ನೇ. ಮನೆಗಳ ಸಣ್ಣ ಮೋಟರು ಎಳೆಯುವುದೇ ಮೂರು ನಾಲ್ಕು ಆಂಪಿಯರು. ಅಳೆಯುವ ಭಾಗವು ಪೂರ್ಣಾಂಕದಲ್ಲಿ ಮಾತ್ರ ಉತ್ತರ ಕೊಡುತ್ತಿದ್ದುದರಿಂದ ಅಲ್ಲಿ ಸೂಕ್ಷ್ಮ ಸಾಲದೆಂದು ಗಿರಾಕಿಯೊಬ್ಬರ ದೂರು ಬಂತು. ಅಣ್ಣನು ಆ ಭಾಗವನ್ನು ತಿದ್ದಿ, ಆಂಪಿಯರಿನ ಹತ್ತನೆಯ ಒಂದು ಪಾಲಿನ ಲೆಕ್ಕದಲ್ಲಿ ಹೇಳುವಂತೆ ಮಾಡಿದನು. ಮೊದಲು ೯ ಎನ್ನುತ್ತಿದ್ದದ್ದು ಈಗ ೯೦ ಎನ್ನುತ್ತದೆ. ಹೊರೆ ಹೆಚ್ಚಾದರೆ ನಿಲ್ಲಿಸುವ ಭಾಗವನ್ನೂ ಅದಕ್ಕೆ ತಕ್ಕಂತೆ ತಿದ್ದಿದನು. ನೀರು ಮುಗಿದರೆ ನಿಲ್ಲಿಸುವ ಭಾಗವು ಸಣ್ಣ ಪೆಟ್ಟಿಗೆಯಲ್ಲಿ ಇಲ್ಲವೇ ಇಲ್ಲ. ಅದಿರುವುದು ತೋಟದ ಪೆಟ್ಟಿಗೆಯಲ್ಲಿ. ಅದರತ್ತ ಅವನ ದೃಷ್ಟಿ ಹೋಗಲಿಲ್ಲ.

ಆ ಭಾಗದ ಬುದ್ಧಿ ಬಹಳ ಸರಳ. ನೀರೆತ್ತುವಾಗ ನಮ್ಮ ಐದು ಎಚ್.ಪಿ. ಮೋಟರು ಒಂಬತ್ತು ಆಂಪಿಯರಿನಷ್ಟು ಎಳೆಯುತ್ತದೆ. ನೀರು ಮುಗಿದರೆ ಎತ್ತುವ ಭಾರವಿಲ್ಲದೆ ಐದಕ್ಕೆ ಇಳಿಯುತ್ತದೆ. ಆರಕ್ಕಿಂತ ಕಡಿಮೆ ಕಂಡರೆ ನಿಲ್ಲಿಸು ಎಂಬುದು ಅದಕ್ಕೆ ಕೊಟ್ಟ ಆಜ್ಞೆ. ಈಗ ನೀರು ಮುಗಿದಾಗಲೂ ಅದರ ಕಿವಿಗೆ ಬೀಳುವುದು ೫೦. ಐವತ್ತು ಆರಕ್ಕಿಂತ ಕಡಿಮೆ ಆಗುವುದು ಯಾವ ಕಾಲಕ್ಕೆ? ಪಾಪ, ಅದು ತನ್ನ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡುತ್ತ ರಾತ್ರಿಯೆಲ್ಲ ಎಚ್ಚರವಾಗಿಯೇ ಇತ್ತು.

ಹೊಸ ಅಳತೆಯ ಭಾಗವು ತೋಟದ ಪೆಟ್ಟಿಗೆಯೊಳಗೆ ಬಂದದ್ದಾದರೂ ಹೇಗೆ? ಯಾರೂ ಅದನ್ನು ಕರೆಯಲಿಲ್ಲ. ಇಲ್ಲಿ ಸಂಖ್ಯೆಗಳ ವಿಚಾರ ಬರುತ್ತದೆ. ಪ್ರತಿಯೊಂದು ಭಾಗಕ್ಕೂ ಆವೃತ್ತಿಯ ಸಂಖ್ಯೆಯುಂಟು, ಮೂರು ಅಂಕಿಗಳದ್ದು. ಸಣ್ಣ ದೋಷವೊಂದನ್ನು ತಿದ್ದಿದರೆ ಕೊನೆಯ ಅಂಕಿಯನ್ನು ಏರಿಸಬೇಕು. ಹಳೆಯದು ಕೆಡದಂತೆ ಹೊಸ ಸೌಲಭ್ಯ ಸೇರಿಸಿದರೆ ನಡುವಿನದನ್ನು. ಇದನ್ನು ನೆಚ್ಚಿಕೊಂಡವರು ತಮ್ಮನ್ನು ತಿದ್ದಿಕೊಳ್ಳಲೇಬೇಕಾದಂಥ ಬದಲಾವಣೆಯಾದರೆ ಮೊದಲಿನದನ್ನು. ಮೊದಲ ಅಂಕಿ ಬದಲಾಯಿತೆಂದರೆ ಊರಿಗೆ ಡಂಗುರ ಹೊಡೆಸಿದಂತೆ. ಅಳೆಯುವ ಭಾಗವು ಆಗ ೧.೪.೨ ಆಗಿತ್ತು. ಅಣ್ಣನು ಅದನ್ನು ೨.೦.೦ ಎಂದು ಕರೆಯಬೇಕಾಗಿತ್ತು. ನಾಲ್ಕೇ ಸಾಲು ತಿದ್ದಿದ್ದೇನೆ, ಇದಕ್ಕೇನು ಡಂಗುರ ಎಂದು ೧.೪.೩ ಎಂದು ಕರೆದನು. ತೋಟದ ಪೆಟ್ಟಿಗೆಯ ಪಟ್ಟಿಯಲ್ಲಿ "ಅಳೆಯುವ ಭಾಗ: ೧.೪.೨ ಅಥವಾ ಅದಕ್ಕೂ ಹೊಸದು, ಆದರೆ ೨ ಬೇಡ" ಎಂದು ಬರೆದಿತ್ತು. ಮುಂದಿನ ಸಲ ಆ ಪೆಟ್ಟಿಗೆಯ ತಂತ್ರಾಂಶವನ್ನು ಕಟ್ಟಿದಾಗ ಯಂತ್ರವು ವಿಧೇಯತೆಯಿಂದ ೧.೪.೩ನ್ನು ಎತ್ತಿಕೊಂಡಿತು. ಕಾರ್ಖಾನೆಯಲ್ಲಿ ಪರೀಕ್ಷೆಯೇನೋ ಆಯಿತು. ಆದರೆ ಅಲ್ಲಿನ ತೊಟ್ಟಿಯಲ್ಲಿ ಯಾವಾಗಲೂ ನೀರು ತುಂಬಿರುತ್ತದೆ.

ಇದೆಲ್ಲ ಅಣ್ಣನಿಗೆ ಗೊತ್ತಾದದ್ದು ನಮ್ಮ ಮೋಟರು ಸುಟ್ಟ ಹತ್ತು ದಿನಗಳ ಮೇಲೆ. ಆ ಹೊತ್ತಿಗೆ ತೋಟದ ಪೆಟ್ಟಿಗೆಗಳು ೪೬ ಹೊರಗೆ ಹೋಗಿದ್ದವು. ಅವುಗಳಲ್ಲಿ ಯಾವುದರೊಳಗೆ ೧.೪.೨ ಇದೆ, ಯಾವುದರೊಳಗೆ ೧.೪.೩ ಇದೆ ಎಂಬುದು ಯಾವ ಪುಸ್ತಕದಲ್ಲಿಯೂ ದಾಖಲಾಗಿರಲಿಲ್ಲ. ಮುಚ್ಚಳದ ಮೇಲೆ ಮಾದರಿಯ ಹೆಸರು ಮಾತ್ರ ಅಚ್ಚಾಗಿತ್ತು. ಎಲ್ಲವೂ ಒಂದೇ ಮಾದರಿ.

ಇದನ್ನು ಅವನು ಹೇಳಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ಐಚ್ಛಿಕ ಕನ್ನಡದ ಗ್ರಂಥಸಂಪಾದನೆಯ ತರಗತಿ. ಓಲೆಗರಿಯ ಪ್ರತಿಗಳೆಲ್ಲ ಮೇಲುನೋಟಕ್ಕೆ ಒಂದೇ ಕಾವ್ಯ. ಯಾವ ಲಿಪಿಕಾರ ಯಾವ ಮಾತೃಕೆಯನ್ನು ಎದುರಿಗಿಟ್ಟುಕೊಂಡು ಬರೆದ, ಎಲ್ಲಿ ತನಗೆ ತಿಳಿಯದ ಪದವನ್ನು ತಿಳಿದ ಪದವಾಗಿ ತಿದ್ದಿದ, ಆ ತಿದ್ದುಪಡಿಯು ಮುಂದೆ ಎಷ್ಟು ಪ್ರತಿಗಳಿಗೆ ಇಳಿಯಿತು ಎಂದು ಹುಡುಕುವುದೇ ಸಂಪಾದಕನ ಪಾಡು. ನಾನು "ಇದು ಪಾಠಾಂತರದ ಸಮಸ್ಯೆಯಲ್ಲವೇ ಅಣ್ಣ" ಎಂದೆ. ಅವನು ನನ್ನನ್ನು ಎರಡು ನಿಮಿಷ ನೋಡಿ, "ನಿನ್ನ ಅಕ್ಷರ ಚೆನ್ನಾಗಿದೆ. ನನ್ನ ಜತೆ ಬಾ" ಎಂದನು. ಬಿ.ಎ. ಓದಿದ್ದರಿಂದ ನನಗೆ ಈವರೆಗೆ ಸಿಕ್ಕಿರುವ ಕೆಲಸ ಇದೊಂದೇ.

ಹೀಗೆ ಕಳೆದ ಬೇಸಗೆಯ ರಜೆಯಲ್ಲಿ ಹತ್ತೊಂಬತ್ತು ದಿನ ನಾನೂ ಅಣ್ಣನೂ ಪೆಟ್ಟಿಗೆಗಳ ಬೆನ್ನುಹತ್ತಿ ತಿರುಗಿದೆವು. ಶಿರಾ, ಮಧುಗಿರಿ, ಪಾವಗಡ, ಹಿರಿಯೂರು, ಹೊಸದುರ್ಗ. ಕೆಲವು ಕಡೆ ಬಸ್ಸು, ಕೆಲವು ಕಡೆ ಅಣ್ಣನ ಬೈಕು, ಒಂದು ಕಡೆ ಹುಲ್ಲಿನ ಟ್ರ್ಯಾಕ್ಟರು. ಪಂಪ್‌ಮನೆಯ ಬಾಗಿಲು ತೆಗೆಸಿ, ಮುಚ್ಚಳ ಬಿಚ್ಚಿ, ಅಣ್ಣನು ಲ್ಯಾಪ್‌ಟಾಪಿಗೆ ತಂತಿ ಕೊಟ್ಟು ಒಳಗಿನ ಭಾಗಗಳ ಸಂಖ್ಯೆಗಳನ್ನು ಓದುವನು. ನಾನು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಊರು, ಹೆಸರು, ಪೆಟ್ಟಿಗೆಯ ಸಂಖ್ಯೆ, ಭಾಗಗಳು ಎಂದು ಕಲಮು ಎಳೆದು ಬರೆಯುವೆನು. ೧.೪.೩ ಇದ್ದರೆ ಹೊಸದನ್ನು ತುಂಬುವುದು. ಇಲ್ಲದಿದ್ದರೆ ಮಜ್ಜಿಗೆ ಕುಡಿದು ಮುಂದಕ್ಕೆ. ಬಿಸಿಲಿನ ಮಾತು ಬೇಡ. ಪಾವಗಡದ ಬಿಸಿಲನ್ನು ಕಂಡವರಿಗೆ ಹೇಳಬೇಕಾಗಿಲ್ಲ, ಕಾಣದವರಿಗೆ ಹೇಳಿ ಪ್ರಯೋಜನವಿಲ್ಲ.

ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಒಂದೂವರೆ ಗಂಟೆ ಕಾದ ದಿನ ಅಣ್ಣನು ಏರಿಯಾನ್ ರಾಕೆಟ್ಟಿನ ಕಥೆ ಹೇಳಿದನು. ಯೂರೋಪಿನ ದೇಶಗಳು ಕೂಡಿ ಕಟ್ಟಿದ ಏರಿಯಾನ್ ೫ ಎಂಬ ರಾಕೆಟ್ಟು ೧೯೯೬ರ ಜೂನ್ ೪ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕುರೂ ಎಂಬಲ್ಲಿಂದ ಮೊದಲ ಬಾರಿಗೆ ಮೇಲೇರಿತು. ಒಂದು ನಿಮಿಷವೂ ಆಗಲಿಲ್ಲ, ದಾರಿ ತಪ್ಪಿ ಒಡೆದು ಚೂರಾಯಿತು. ಅದರೊಂದಿಗೆ ನಾಲ್ಕು ಉಪಗ್ರಹಗಳೂ ಹೋದವು. ಕಾರಣವನ್ನು ಹುಡುಕಿದಾಗ ಸಿಕ್ಕಿದ್ದು ಏರಿಯಾನ್ ೪ರಿಂದ ಹಾಗೆಯೇ ತಂದು ಸೇರಿಸಿದ್ದ ತಂತ್ರಾಂಶದ ಒಂದು ಭಾಗ. ರಾಕೆಟ್ಟಿನ ಅಡ್ಡವೇಗಕ್ಕೆ ಸಂಬಂಧಪಟ್ಟ ಒಂದು ಸಂಖ್ಯೆಯನ್ನು ಅದು ದೊಡ್ಡ ಪಾತ್ರೆಯಿಂದ ಸಣ್ಣ ಪಾತ್ರೆಗೆ ಸುರಿಯುತ್ತಿತ್ತು. ಆ ಸಣ್ಣ ಪಾತ್ರೆಯಲ್ಲಿ ಹಿಡಿಸುವುದು ೩೨,೭೬೭ರವರೆಗೆ. ಹಳೆಯ ರಾಕೆಟ್ಟಿನ ನಡಿಗೆಯಲ್ಲಿ ಅದು ಎಂದೂ ತುಂಬಿ ಚೆಲ್ಲಲಿಲ್ಲ. ಹೊಸದು ಬೇಗ ಅಡ್ಡಕ್ಕೆ ಓಡುವಂಥದು, ಚೆಲ್ಲಿತು. ಜತೆಗೆ ಇಟ್ಟಿದ್ದ ಬದಲಿ ಗಣಕದಲ್ಲಿಯೂ ಅದೇ ತಂತ್ರಾಂಶ. ಅದೂ ಅದೇ ಕಾರಣದಿಂದ ನಿಂತಿತು. ಇನ್ನೂ ವಿಚಿತ್ರವೆಂದರೆ, ಆ ಲೆಕ್ಕವು ಏರಿಯಾನ್ ೫ಕ್ಕೆ ನೆಲ ಬಿಟ್ಟಮೇಲೆ ಬೇಕಾಗಿಯೇ ಇರಲಿಲ್ಲ. ಹಿಂದಿನದರಲ್ಲಿ ಇತ್ತು, ಇರಲಿ ಎಂದು ಬಿಟ್ಟಿದ್ದರು.

"ಅವರದು ಹಳೆಯ ಭಾಗ ಹೊಸ ಜಾಗಕ್ಕೆ ಹೋಗಿ ಕೆಟ್ಟಿತು. ನನ್ನದು ಹೊಸ ಭಾಗ ಹಳೆಯ ಜಾಗಕ್ಕೆ ಬಂದು ಕೆಟ್ಟಿತು" ಎಂದನು ಅಣ್ಣ. ಅವನ ದನಿಯಲ್ಲಿ ಸ್ವಲ್ಪ ಸಮಾಧಾನವೂ ಇದ್ದಂತೆ ತೋರಿತು. ದೊಡ್ಡವರೂ ಎಡವಿದ್ದಾರೆಂದು ತಿಳಿದರೆ ಎಡವಿದ ಕಾಲಿನ ನೋವು ಕಡಿಮೆಯಾಗುವುದೇನೋ.

ಹಾಗಾದರೆ ಪ್ರತಿಯೊಂದು ಪೆಟ್ಟಿಗೆಯನ್ನೂ ಒಂದೇ ಆವೃತ್ತಿಗೆ ಬಿಗಿದು ಕಟ್ಟಿಬಿಡಬಾರದೇಕೆ ಎಂದು ನಾನು ಕೇಳಿದೆ. ಅದಕ್ಕೂ ಅವನಲ್ಲಿ ಉತ್ತರವಿತ್ತು. ೨೦೨೧ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಒಂದು ಭಾಗದಲ್ಲಿ ದೊಡ್ಡ ಕನ್ನ ಇದೆಯೆಂದು ಬಯಲಾಯಿತು. ಲೋಕದ ಅಸಂಖ್ಯಾತ ತಂತ್ರಾಂಶಗಳು ಅದನ್ನು ಒಳಗಿಟ್ಟುಕೊಂಡಿದ್ದವು. ತಿದ್ದಿದ ಆವೃತ್ತಿ ಬೇಗ ಹೊರಬಂತು. ಆದರೆ ತಮ್ಮಲ್ಲಿ ಅದು ಎಲ್ಲಿದೆ ಎಂಬುದೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ತಾವು ತಂದ ಭಾಗವು ತಂದ ಭಾಗದೊಳಗೆ ಅದು ಕುಳಿತಿತ್ತು. ಹಳೆಯದಕ್ಕೆ ಬಿಗಿದು ಕಟ್ಟಿಕೊಂಡು ಮರೆತವರ ಮನೆಯಲ್ಲಿ ಕನ್ನ ಹಾಗೆಯೇ ಉಳಿಯಿತು. "ಕಟ್ಟಬಹುದು ಕಣೇ, ಕಟ್ಟಿದ್ದೇವೆ ಅನ್ನೋದನ್ನ ಬರೆದಿಡಬೇಕು, ಬಿಚ್ಚೋ ಹೊತ್ತಿಗೆ ಯಾರಾದರೂ ಬಿಚ್ಚಬೇಕು" ಎಂದನು. ನನ್ನ ಮಟ್ಟಿಗೆ ಹೇಳುವುದಾದರೆ, ಅಂದಿನಿಂದ ನನ್ನ ನೋಟುಬುಕ್ಕಿನ ಮೇಲೆ ನನಗೆ ಗೌರವ ಹೆಚ್ಚಿತು.

ಲೆಕ್ಕಕ್ಕೆ ಸಿಕ್ಕಿದ್ದು ಇಷ್ಟು: ನಲವತ್ತಾರರಲ್ಲಿ ಮೂವತ್ತೊಂದರೊಳಗೆ ೧.೪.೩ ಇತ್ತು. ಬಹಳಷ್ಟು ಬಾವಿಗಳಲ್ಲಿ ಇನ್ನೂ ನೀರಿದ್ದುದರಿಂದ ಏನೂ ಆಗಿರಲಿಲ್ಲ. ನಮ್ಮದೂ ಸೇರಿ ನಾಲ್ಕು ಮೋಟರು ಸುಟ್ಟಿದ್ದವು.

ಕಂಪನಿಯ ಯಜಮಾನರು ಕೆಟ್ಟವರಲ್ಲ. ಸುಟ್ಟ ಮೋಟರುಗಳ ವೈಂಡಿಂಗ್ ಖರ್ಚನ್ನು ಕೊಡಲು ಒಪ್ಪಿದ್ದರು. ಆದರೆ ಕಾರಣವನ್ನು ಮಾತ್ರ ಹೇಳಬೇಡ, ಸರ್ವೀಸಿಗೆ ಬಂದಿದ್ದೇವೆ ಎನ್ನು, ನಾಲ್ಕು ಜನಕ್ಕೆ ತಿಳಿದರೆ ನಲವತ್ತು ಪೆಟ್ಟಿಗೆ ವಾಪಸು ಬರುತ್ತವೆ, ಇಪ್ಪತ್ತು ಮನೆಯ ಅನ್ನದ ಪ್ರಶ್ನೆ ಎಂದಿದ್ದರು. ಅಣ್ಣನು ಮೊದಲ ವಾರವೆಲ್ಲ ಹಾಗೆಯೇ ಎಂದನು. ಮಧುಗಿರಿಯ ಹತ್ತಿರದ ಹಳ್ಳಿಯೊಂದರಲ್ಲಿ, ಮೋಟರು ಸುಟ್ಟುಕೊಂಡಿದ್ದ ಹಿರಿಯರೊಬ್ಬರು ಅವನ ಕೈಗೆ ನೀರಿನ ಚೊಂಬು ಕೊಡುತ್ತ, "ನನ್ನ ದಡ್ಡತನಕ್ಕೆ ನೀವು ಬಿಸಿಲಲ್ಲಿ ಬರೋ ಹಾಗಾಯ್ತಲ್ಲಪ್ಪ. ನಾನೇ ಏನೋ ತಪ್ಪು ಒತ್ತಿದೆ" ಎಂದರು. ಅಣ್ಣ ಚೊಂಬನ್ನು ಕೆಳಗಿಟ್ಟು, "ಇಲ್ಲ ಯಜಮಾನ್ರೇ, ತಪ್ಪು ಬರೆದವನು ನಾನು" ಎಂದುಬಿಟ್ಟನು. ಆಮೇಲೆ ಹತ್ತು ನಿಮಿಷ ಆ ಹಿರಿಯರ ಬಾಯಿಂದ ಬಂದದ್ದನ್ನು ಕಾಲೇಜಿನ ಸಂಚಿಕೆಯಲ್ಲಿ ಅಚ್ಚುಹಾಕಲಾಗದು. ಮುಗಿದ ಮೇಲೆ ಊಟ ಮಾಡಿಕೊಂಡೇ ಹೋಗಬೇಕೆಂದರು. ಪೆಟ್ಟಿಗೆಯನ್ನು ವಾಪಸು ಕೊಡಲಿಲ್ಲ. ಹೊಸದುರ್ಗದ ಕಡೆಯವರು ಕೊಟ್ಟರು. ಅಣ್ಣನು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತು ಬಂದನು, ಯಜಮಾನರಿಗೆ ಏನು ಹೇಳಲಿ ಎಂದು ಒಂದು ಸಲವೂ ಬಾಯಿಬಿಡದೆ.

ಇಷ್ಟೆಲ್ಲ ತಿರುಗಿದವನು ನಮ್ಮ ಮನೆಯ ಪೆಟ್ಟಿಗೆಯನ್ನು ಮಾತ್ರ ಕೊನೆಗೆ ಉಳಿಸಿಕೊಂಡಿದ್ದನು. ವೈಂಡಿಂಗ್ ಆಗಿ ಬಂದ ಮೋಟರನ್ನು ಅಪ್ಪ ಹಳೆಯ ಸ್ಟಾರ್ಟರಿಗೇ ಕೊಟ್ಟುಕೊಂಡು, ಮತ್ತೆ ರಾತ್ರಿ ಎದ್ದು ತೋಟಕ್ಕೆ ಹೋಗುತ್ತಿದ್ದರು. ಇಪ್ಪತ್ತನೆಯ ದಿನ ಸಂಜೆ ಮೂವರೂ ಪಂಪ್‌ಮನೆಗೆ ಹೋದೆವು. ಅಪ್ಪ ಬ್ಯಾಟರಿ ಹಿಡಿದರು. ಅಣ್ಣನು ಮುಚ್ಚಳ ಬಿಚ್ಚಿ, ಸಂಖ್ಯೆ ಓದಿದನು. ನಾನು ಬರೆದುಕೊಂಡೆ.

"ಅಪ್ಪ, ಅವತ್ತು ಸುಟ್ಟಿದ್ದು ನಿನ್ನ ನಿದ್ದೆಯಿಂದ ಅಲ್ಲ" ಎಂದನು ಅಣ್ಣ. ಆಮೇಲೆ ಎಲ್ಲವನ್ನೂ ಹೇಳಿದನು, ಹುಳಿಪುಡಿಯ ಉಪಮಾನವನ್ನೂ ಬಿಡದೆ. ಅಪ್ಪ ಬ್ಯಾಟರಿಯ ಬೆಳಕನ್ನು ಅಲುಗಿಸದೆ ಕೇಳಿದರು.

"ಎಷ್ಟು ಜನದ್ದು ಸುಟ್ಟಿತು?"

"ನಮ್ಮದೂ ಸೇರಿ ನಾಲ್ಕು."

"ಮಿಕ್ಕ ಮೂವರಿಗೂ ಹೀಗೆ ಹೇಳಿದೆಯಾ?"

ಅಣ್ಣ ನನ್ನ ಮುಖ ನೋಡಿದನು. ಪಾವಗಡದ ಕಡೆಯ ಮನೆಗೆ ನಾವು ಹೋದದ್ದು ಮೊದಲ ವಾರದಲ್ಲಿ. ಮನೆಯಲ್ಲಿ ಗಂಡಸರಾರೂ ಇರಲಿಲ್ಲ. ಅಜ್ಜಿಯೊಬ್ಬಳು ಬಾಗಿಲು ತೆಗೆದು, ಸರ್ವೀಸಿನವರೆಂದು ನಮಗೆ ಕಡಲೆಕಾಯಿ ಕೊಟ್ಟಿದ್ದಳು. ಮಗನು ಮೋಟರು ಸುಟ್ಟ ಸಂಕಟಕ್ಕೆ ಹೆಂಡತಿಯ ಮೇಲೆ ರೇಗಾಡಿದನೆಂದೂ, ಆ ರಾತ್ರಿ ಫೋನು ಒತ್ತಿದವಳು ಅವಳೇ ಎಂದೂ ಹೇಳಿದ್ದಳು. ನೋಟುಬುಕ್ಕಿನಲ್ಲಿ ಆ ಸಾಲಿನ ಕೊನೆಯ ಕಲಮಿನಲ್ಲಿ ನಾನು "ಸರಿಪಡಿಸಿದೆ" ಎಂದು ಬರೆದಿದ್ದೆ.

ಅಪ್ಪ ಬ್ಯಾಟರಿಯನ್ನು ಆರಿಸಿ, "ಬೆಳಗ್ಗೆ ಆರೂಕಾಲಕ್ಕೆ ಬಸ್ಸಿದೆ" ಎಂದರು.

ಅವ್ವ ರಾತ್ರಿಯೇ ಬುತ್ತಿ ಕಟ್ಟಿಟ್ಟಳು. ನಾವು ಹೊರಡುವಾಗ ಅಪ್ಪ ಹೊಸ ಪೆಟ್ಟಿಗೆಗೆ ಮತ್ತೆ ತಂತಿ ಕೊಡುತ್ತ ಪಂಪ್‌ಮನೆಯಲ್ಲಿದ್ದರು.